ಕುರ್ಚಿ ಇಲ್ಲದ ಕ್ಲಾಸು

"ಏಳ್ರೀ ಮೇಡಂ! ಅದೇನು ನಿಮ್ಮ ಮನೆ ಸೋಫಾನಾ?"

ಗೋಡೆಯ ಸ್ಪೀಕರು ಗದರಿದಾಗ ಗಣಿತದ ಟೀಚರು ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಬರೆದು ಮುಗಿಸಿದ್ದಳು. ಮಕ್ಕಳು ಬರೆದುಕೊಳ್ಳುವಷ್ಟು ಹೊತ್ತು ಎಂದು ಕುರ್ಚಿಯ ಅಂಚಿಗೆ ಆತುಕೊಂಡಿದ್ದಳಷ್ಟೆ, ಪೂರ್ತಿ ಕೂತೂ ಇರಲಿಲ್ಲ. ದಿಗ್ಗನೆ ಎದ್ದಳು. ಮಂಡಿ ಲಟಕ್ಕೆಂದಿತು. ಮಕ್ಕಳು ಕಿಸಕ್ಕನೆ ನಕ್ಕವು.

ಸ್ಪೀಕರಿನ ಹಿಂದಿದ್ದವನು ಶಾಲೆಯ ಯಜಮಾನರ ಅಳಿಯ. ಮ್ಯಾನೇಜರ್ ಎಂಬುದು ಅವನ ಬಾಗಿಲ ಮೇಲಿನ ಹೆಸರು, ಅಳಿಯ ಎಂಬುದು ಬೆನ್ನ ಹಿಂದಿನದು. ತಂಪು ಕೋಣೆಯಲ್ಲಿ ಕೂತು ಎಲ್ಲ ಕ್ಲಾಸುಗಳನ್ನೂ ಟಿವಿಯಲ್ಲಿ ನೋಡುವುದೇ ಅವನ ಉದ್ಯೋಗ.

ಮರುದಿನ ಬೆಳಿಗ್ಗೆ ಜವಾನ ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಟೀಚರುಗಳ ಕುರ್ಚಿಗಳನ್ನೆಲ್ಲ ತಲೆಯ ಮೇಲೆ ಹೊತ್ತು ಸಾಗಿಸಿದ. ಶಾಲೆಯಲ್ಲಿ ಟೀಚರು ಕೂರಬಹುದಾದ ಜಾಗ ಇನ್ನು ಒಂದೇ ಉಳಿಯಿತು, ಕಕ್ಕಸು. ಅಲ್ಲಿ ಕ್ಯಾಮೆರಾ ಇರಲಿಲ್ಲ. ಬಿಡುವು ಸಿಕ್ಕರೆ ಸಾಕು, ಬಾಗಿಲ ಮುಂದೆ ಸಾಲು.

"ಬೇಗ ಬಾರೇ, ನನ್ನ ಕಾಲು ಬಿದ್ದೋಗ್ತಿದೆ," ಎಂದು ಬಸುರಿ ವಿಜ್ಞಾನದ ಟೀಚರು ಬಾಗಿಲು ಬಡಿದಳು.

"ಇರಮ್ಮಾ, ಈಗಷ್ಟೇ ಸಿಂಹಾಸನ ಏರಿದೀನಿ," ಒಳಗಿನಿಂದ ಗಣಿತದವಳು.

ಪೊರಕೆ ಹಿಡಿದ ಆಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೇವರ್ಸಿ ನನ್ಮಗ! ಅವ್ನ ಮುಕಳಿಗೆ ಮಾತ್ರ ತಿರುಗೋ ಕುರ್ಚಿ ಬೇಕು, ಬಸುರೀರು ಕಕ್ಕಸಲ್ಲಿ ಕೂರ್ಬೇಕು. ನೀವು ಓದ್ದೋರು, ಒಂದ್ ಮಾತು ಕೇಳೋದಲ್ವಾ ಟೀಚರಮ್ಮ?"

"ಕೇಳ್ದೆ ಕಣೇ. ನಿಂತ್ರೆ ಆರೋಗ್ಯಕ್ಕೆ ಒಳ್ಳೇದಂತೆ," ಎಂದಳು ಬಾಗಿಲು ತೆರೆದು ಬಂದ ಗಣಿತದವಳು.

ಆದರೆ ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳುತ್ತಾ ಅವುಗಳ ತಂಟೆಯನ್ನೂ ಕಲಿತವಳು ಅವಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಮರೆತಿರಲಿಲ್ಲ. ಕ್ಯಾಮೆರಾ ಹಿಂದಿನ ಗೋಡೆಯ ಮೇಲಿತ್ತು, ಅದಕ್ಕೆ ತನ್ನ ಕಾಲ ಬುಡವೇ ಕಾಣುತ್ತಿರಲಿಲ್ಲ.

"ಎಲ್ಲ ಹಿಂದೆ ಬನ್ನಿ, ಗೋಡೆ ಪಕ್ಕ. ಸದ್ದು ಮಾಡ್ಬೇಡಿ," ಎಂದಳು ಮಾರನೆಯ ಬೆಳಿಗ್ಗೆ ಕ್ಲಾಸಿಗೆ ಬಂದವಳೇ.

ಮಕ್ಕಳು ಇರುವೆಗಳಂತೆ ಬಂದು ನೆಲದ ಮೇಲೆ ಒತ್ತೊತ್ತಿ ಕೂತವು. ನಡುವೆ ಅವಳೂ ಚಕ್ಕಳಮಕ್ಕಳ ಹಾಕಿದಳು. ನೆಲದ ಮೇಲೇ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆದಳು. "ಇದು ಕೇಕು. ಇವಳಿಗೆ ಅರ್ಧ, ಇವನಿಗೆ ಕಾಲು. ನಂಗೆಷ್ಟು ಉಳೀತು?"

"ಕಾಲು!"

"ಅಯ್ಯೋ ಪಾಪ, ಟೀಚರ್‌ಗೆ ಬರೀ ಕಾಲಾ?"

"ನನ್ನ ಅರ್ಧದಲ್ಲಿ ಅರ್ಧ ಕೊಡ್ತೀನಿ ಟೀಚರ್. ಆಗ ನಿಮಗೇ ಅರ್ಧ ಆಗುತ್ತೆ!" ಎಂದಳು ಎರಡು ಜಡೆಯ ಹುಡುಗಿ. ವರ್ಷವೆಲ್ಲ ಬಾಯಿ ಬಿಡದಿದ್ದವಳು. ಟೀಚರ ಎದೆ ಹಗುರಾಯಿತು. ಈ ಕೆಲಸಕ್ಕೆ ಅವಳು ಬಂದಿದ್ದೇ ಇಂಥದ್ದಕ್ಕೆ.

"ಎಲ್ಲಿ ಹೋದ್ರಿ? ಕ್ಲಾಸೇ ಖಾಲಿ!" ಸ್ಪೀಕರು ಕಿರುಚಿತು.

"ಇಲ್ಲೇ ಇದೀವಿ ಸಾರ್!" ಮಕ್ಕಳ ಕೋರಸ್ಸು.

ಅಳಿಯ ಓಡಿ ಬಂದ. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿದಿತ್ತು. ನೆಲದ ಮೇಲೆ ಕೂತವಳನ್ನು ಕಂಡು ಅವನ ಮುಖ ಕೆಂಪೇರಿತು.

"ಥೂ, ನಾಚ್ಕೆ ಆಗಲ್ವೇನ್ರೀ? ಫೀಸ್ ಕೊಡೋ ತಂದೆತಾಯಿ ನೋಡಿದ್ರೆ ಭಿಕ್ಷೆಗೆ ಕೂತಿದಾಳೆ ಅಂದ್ಕೋತಾರೆ. ಮಕ್ಳೇ, ಹೇಳಿ ನಿಮ್ಮ ಟೀಚರ್‌ಗೆ, ಎದ್ದು ನಿಲ್ಲಿ ಅಂತ."

ಮಕ್ಕಳು ನೆಲದ ಮೇಲಿನ ಕೇಕನ್ನೇ ನೋಡಿದವು.

"ಹೇಳಿ! ಇಲ್ಲಾಂದ್ರೆ ಇವತ್ತು ಆಟ ಇಲ್ಲ."

ಮೊದಲು ಒಂದು ದನಿ, ಆಮೇಲೆ ನಾಲ್ಕು, ಆಮೇಲೆ ಎಲ್ಲ. "ಎದ್ದು ನಿಲ್ಲಿ ಟೀಚರ್."

ಗೋಡೆ ಹಿಡಿದು ಎದ್ದಳು. ಈ ಸಲ ಮಕ್ಕಳು ನಗಲಿಲ್ಲ.

ಆ ದಿನದ ಕೊನೆಯ ಪೀರಿಯಡ್ಡು. ನಿಂತು ನಿಂತು ಅವಳ ಕಾಲುಗಳು ಮರಗಟ್ಟಿದ್ದವು. ಉತ್ತರ ಹೇಳಲು ಎದ್ದ ಎರಡು ಜಡೆಯವಳು ಬೆಂಚಿಗೆ ಒರಗಿದಳು.

"ನೆಟ್ಟಗೆ ನಿಲ್ಲೇ! ಏನು, ನಿಮ್ಮಪ್ಪನ ಜಗಲಿ ಅನ್ಕೊಂಡ್ಯಾ?"

ದನಿ ಟೀಚರದೇ. ಉಳಿದದ್ದೆಲ್ಲ ಅಳಿಯನದು. ಹುಡುಗಿ ನೆಟ್ಟಗಾದಳು. ಬೆಳಿಗ್ಗೆ ತನ್ನ ಪಾಲಿನಲ್ಲಿ ಅರ್ಧ ಕೊಟ್ಟವಳ ಕಣ್ಣಲ್ಲಿ ಈಗ ನೀರು.

"ಕೂತ್ಕೋ ಪುಟ್ಟಿ," ಎಂದಳು ಟೀಚರು. ಹುಡುಗಿ ಕೂರಲಿಲ್ಲ. ಕೂರು ಎನ್ನುವುದೂ ಬೈಗುಳವಿರಬಹುದೆಂದು ಕ್ಯಾಮೆರಾದ ಕಡೆ ನೋಡಿದಳು.

ಸಂಜೆ ಅಡುಗೆಮನೆಯ ಕಟ್ಟೆಗೆ ಒರಗಿ ಈರುಳ್ಳಿ ಹೆಚ್ಚುತ್ತಿದ್ದಾಗ ನಾದಿನಿಯ ಫೋನು ಬಂತು.

"ಅತ್ತಿಗೆ, ನಮ್ಮ ಮಗಳ ಬಿ.ಎಡ್. ಮುಗೀತು. ನಿಮ್ಮ ಸ್ಕೂಲಲ್ಲೇ ಒಂದು ಮಾತು ಹೇಳಿ ಅತ್ತಿಗೆ. ನಿಮ್ಮ ಮಾತು ತೆಗೆದು ಹಾಕ್ತಾರಾ? ಮಕ್ಳು ಅಂದ್ರೆ ಜೀವ ಅವಳಿಗೆ, ಥೇಟ್ ನಿಮ್ಮ ಹಾಗೇ."

ಅವಳು ಚಾಕು ಕೆಳಗಿಟ್ಟಳು. ಪಡಸಾಲೆಯಲ್ಲಿ ಗಂಡ ಟಿವಿ ನೋಡುತ್ತಿದ್ದ. ಭಿನ್ನರಾಶಿ ಇನ್ನೊಂದು ವಾರದಲ್ಲಿ ಮುಗಿಯುತ್ತದೆ. ಅದನ್ನು ಅರ್ಧಕ್ಕೆ ಬಿಡಬಾರದು, ಆ ಹುಡುಗಿಗೆ ಅರ್ಥವಾಗತೊಡಗಿದೆ. ಅಲ್ಲಿಯವರೆಗೆ ಮಾತ್ರ ಆ ಸ್ಕೂಲು, ಆಮೇಲೆ ರಾಜೀನಾಮೆ.

"ಹಲೋ, ಅತ್ತಿಗೆ? ಜಾಗ ಏನಾದ್ರೂ ಖಾಲಿ ಆಗೋ ಹಾಗಿದ್ಯಾ?"

"ಇಲ್ಲ ಕಣೇ," ಎಂದಳು ಹಗುರವಾಗಿ. "ಒಂದೂ ಖಾಲಿ ಇಲ್ಲ."