ಇನಾಸನ ಪಾಲು

"ಸಾಂತ್ ಮರಿಯೇ!"

ಜಗಲಿಯಿಂದ ಗಂಡನ ಕೂಗು ಬಂದದ್ದೇ ತಡ, ಜುಲಿಯಾನ ಒಲೆಯ ಮೇಲೆ ಚಹಾದ ನೀರಿಟ್ಟಳು. ಕೊನೆಯ 'ಯೇ' ಉದ್ದವಾಗಿ ಮೇಲಕ್ಕೇರಿದರೆ ಚಹಾ ಬೇಕು. ಗಿಡ್ಡವಾಗಿ ಕೆಳಕ್ಕೆ ಬಿದ್ದರೆ ಬಚ್ಚಲಿಗೆ ಹೋಗಬೇಕು. ಎರಡು ಸಲ ಒಟ್ಟೊಟ್ಟಿಗೆ ಬಂದರೆ ಪಕ್ಕದ ಮನೆಯ ಶರೀಫಾಳ ಆಡು ಬೇಲಿ ಹಾರಿ ಬಸಳೆಗೆ ಬಾಯಿ ಹಾಕಿದೆ ಎಂದು ಅರ್ಥ. ಹತ್ತು ತಿಂಗಳಲ್ಲಿ ಇಷ್ಟನ್ನೂ ಅವಳು ಯಾವ ಮೇಷ್ಟರ ಸಹಾಯವಿಲ್ಲದೆ ಕಲಿತಿದ್ದಳು.

"ಬಾಯಮ್ಮಾ, ಪೊರ್ಬುಗಳಿಗೆ ಚಾ ಬೇಕಂತೆ!" ಬೇಲಿಯಾಚೆಯಿಂದ ಶರೀಫಾಳ ದನಿ. ಊರಿನ ಕ್ರೈಸ್ತ ಗಂಡಸರೆಲ್ಲ ಅವಳಿಗೆ ಪೊರ್ಬುಗಳೇ.

"ಕೇಳಿತು ಮಾರಾಯ್ತಿ! ನನಗೆ ಕಿವಿ ಉಂಟು."

"ನಿಮಗೆ ಕಿವಿ ಉಂಟು. ನನಗೂ ಒಂದು ಗ್ಲಾಸ್ ಚಾ ಉಂಟಾ ಅಂತ ಕೇಳಿದ್ದು."

ಇನಾಸ ಕ್ರಾಸ್ತಾನ ಬಾಯಲ್ಲಿ ಈಗ ಉಳಿದಿರುವುದು ಅದೊಂದೇ ಮಾತು. ಹಿಂದೆ ಹಾಗಿರಲಿಲ್ಲ. ಮೂವತ್ತೊಂದು ವರ್ಷ ಕಾಸರಗೋಡು–ತಲಪಾಡಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಅವನು. ಕುಂಬಳೆ, ಬಂದ್ಯೋಡು, ಉಪ್ಪಳ, ಹೊಸಂಗಡಿ ಎಂದು ಒಂದೇ ಉಸಿರಿಗೆ ಕೂಗಿದರೆ ನಿದ್ದೆ ಹೋದವರೂ ಚೀಲ ಹುಡುಕಿಕೊಂಡು ಏಳಬೇಕು. ಟಿಕೆಟು ಕೊಡುವಾಗ ಒಬ್ಬರ ಮಗಳ ಮದುವೆ, ಇನ್ನೊಬ್ಬರ ಮೊಣಕಾಲು ನೋವು, ಮತ್ತೊಬ್ಬರ ಕೊಲ್ಲಿಯ ವೀಸಾ ಎಲ್ಲವನ್ನೂ ವಿಚಾರಿಸಿ ಮುಗಿಸುವಷ್ಟರಲ್ಲಿ ತಲಪಾಡಿ ಬಂದಿರುತ್ತಿತ್ತು. ಅಂಥ ಬಾಯಿಬಡುಕ, ಕಳೆದ ಕ್ರಿಸ್ಮಸಿಗೆ ನಕ್ಷತ್ರ ಕಟ್ಟಲೆಂದು ಏಣಿ ಹತ್ತಹೊರಟವನು, ಅದರ ಬುಡದಲ್ಲೇ ಕುಸಿದ. ಲಕ್ವ ಹೊಡೆದು ಬಲಗೈ ಬಲಗಾಲು ಸೋತವು. ಮಾತು ಒಂದು ಅಕ್ಷರವೂ ಉಳಿಯದ ಹಾಗೆ ಹೋಯಿತು.

ಆ ಒಂದು ಮಾತು ಮರಳಿ ಬಂದದ್ದು ಆಸ್ಪತ್ರೆಯಲ್ಲಿ, ಐದನೆಯ ದಿನ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ತೇರ್ಸ್ ಎಂದು ಜಪಮಾಲೆ ಹೇಳುವ ಕ್ರಮವಿದೆ. ಅದರಲ್ಲಿ ಎರಡು ಪಾಲು. ಒಬ್ಬರು 'ನಮಾನ್ ಮರಿಯೆ' ಎಂದು ಮೊದಲ ಅರ್ಧ ಹೇಳಿದರೆ, ಉಳಿದವರು 'ಸಾಂತ್ ಮರಿಯೆ' ಎಂದು ಉಳಿದರ್ಧ ಹೇಳಿ ಮುಗಿಸಬೇಕು. ಮದುವೆಯಾದ ದಿನದಿಂದಲೂ ಈ ಮನೆಯಲ್ಲಿ ಮೊದಲರ್ಧ ಜುಲಿಯಾನಳದು, ಎರಡನೆಯದು ಇನಾಸನದು. ಇಡೀ ದಿನ ಬಸ್ಸಿನಲ್ಲಿ ಕೂಗಿ ದಣಿದು ಬಂದವನಿಗೆ ಶುರುಮಾಡುವ ಕೆಲಸ ಬೇಡವಾಗಿತ್ತು. ಮೊಣಕಾಲೂರಿ ಅರೆನಿದ್ದೆಯಲ್ಲೇ ತನ್ನ ಪಾಲನ್ನು ಒಂದೂ ತಪ್ಪದೆ ಒಪ್ಪಿಸುತ್ತಿದ್ದ. ಆಸ್ಪತ್ರೆಯಲ್ಲಿ ಅವಳು ಹಾಸಿಗೆಯ ಪಕ್ಕ ಕೂತು ತನ್ನಷ್ಟಕ್ಕೆ ಮಣಿ ಎಣಿಸುತ್ತಾ ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಂತಳು ನೋಡಿ, ದಿಂಬಿನ ಮೇಲಿಂದ ಉಳಿದರ್ಧ ಪೂರ್ತಿಯಾಗಿ, ಆಮೆನ್ ಸಮೇತ, ಹರಿದು ಬಂತು. ಜುಲಿಯಾನ ಎಷ್ಟು ಜೋರಾಗಿ ಅತ್ತಳೆಂದರೆ, ಮಲಯಾಳಿ ನರ್ಸ್ ಮುದುಕ ತೀರಿಕೊಂಡನೆಂದೇ ಓಡಿ ಬಂದಳು.

ಅಂದಿನಿಂದ ತೇರ್ಸಿನಲ್ಲಿ ಅವನ ಪಾಲು ಪೂರ್ತಿ. ತೇರ್ಸಿನಾಚೆಗೆ ಅದರ ಮೊದಲ ಎರಡು ಪದ ಮಾತ್ರ. ಚಹಾಕ್ಕೂ ಅದೇ, ಆಡಿಗೂ ಅದೇ.

"ಇಡೀ ದಿನ ನಿಮ್ಮ ಮನೆಯಿಂದಲೇ ಫೋನು ಹೋಗುವುದಾದರೆ ಮಾತೆ ಮರಿಯಮ್ಮನಿಗೆ ಬೇರೆಯವರ ಕೆಲಸ ಮಾಡ್ಲಿಕ್ಕೆ ಪುರುಸೊತ್ತು ಬೇಡವಾ?" ಎಂದು ಇಗರ್ಜಿಯ ವಾಡೆಗೆ, ಅಂದರೆ ಕೇರಿಗೆ, ಮುಖ್ಯಸ್ಥನಾದ ಗುರ್ಕಾರ್ ಪಾಸ್ಕಲ್ ನಗೆಯಾಡಿದ್ದ. ಎಲ್ಲರಿಗಿಂತ ಹೆಚ್ಚು ನಕ್ಕವನು ಇನಾಸನೇ.

ಜುಲಿಯಾನಳೂ ನಕ್ಕಿದ್ದಳು. ಆದರೆ ಅವಳ ಒಳಗೊಂದು ಆಸೆಯಿತ್ತು. ಅವನು ಒಂದೇ ಒಂದು ಸಲ 'ಜುಲ್ಲೂ' ಎಂದು ಕರೆಯಬೇಕು. ಅಷ್ಟೇ. ಹತ್ತು ತಿಂಗಳು, ಪ್ರತಿ ಸಂಜೆ, ಪ್ರತಿ ಮಣಿಗೂ ಅವಳು ಬೇಡಿಕೊಂಡದ್ದು ಅದನ್ನೊಂದೇ. ಕೈಕಾಲು ಬೇಕಾದರೆ ನೀನೇ ಇಟ್ಟುಕೋ, ಹೆಸರು ಕೊಡು, ಎಂದು.

ಆ ದಿನ ಮಂಗಳೂರಿನ ಆಸ್ಪತ್ರೆಗೆ ತಪಾಸಣೆಗೆ ಹೋಗುವುದಿತ್ತು. ಅವರ ಊರಾದ ಕುಂಜತ್ತೂರಿನಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಪ್ರವೀತ್ ತಾನೇ ಇಳಿದು ಇನಾಸನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ.

"ಗುರುಗಳೇ, ನೀವು ಬೆಲ್ ಕೊಡದೆ ಈ ಬಸ್ಸು ಅಲ್ಲಾಡುವುದಿಲ್ಲ," ಎಂದು ಬೆಲ್ಲಿನ ಹಗ್ಗವನ್ನು ಅವನ ಎಡಗೈಗೆ ಎಟುಕಿಸಿದ.

ಇನಾಸ ಎಳೆದ. ಟಿಣ್ ಟಿಣ್. ಒಂದು ಬೆಲ್ಲಿಗೆ ನಿಲ್ಲು, ಎರಡು ಬೆಲ್ಲಿಗೆ ಹೊರಡು. ಬಸ್ಸು ಹೊರಟಿತು. ಹಿಂದಿನ ಸೀಟಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇನಾಸ ಸೊಟ್ಟ ಬಾಯಿಯಲ್ಲೇ ಅಗಲವಾಗಿ ನಕ್ಕು, ತಲಪಾಡಿಯವರೆಗೂ ಹಗ್ಗ ಬಿಡಲಿಲ್ಲ. ಇಷ್ಟೆಲ್ಲ ಒಳ್ಳೆಯ ಶಕುನ ಕಂಡ ಮೇಲೆ ಇವತ್ತು ಏನೋ ಆಗಿಯೇ ಆಗುತ್ತದೆ ಎಂದುಕೊಂಡಳು ಜುಲಿಯಾನ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಳ್ಳೆಯವರು. ಚಿತ್ರಗಳನ್ನು ತೋರಿಸಿದರು, ಹಾಡಿಸಿ ನೋಡಿದರು, ಬಾಯಿ ಅಗಲಿಸಿ ತೋರಿಸಿದರು. ಮೀನಿನ ಚಿತ್ರಕ್ಕೆ ಸಾಂತ್ ಮರಿಯೆ. ಕೊಡೆಗೂ ಸಾಂತ್ ಮರಿಯೆ. ಕೊನೆಗೆ ಜುಲಿಯಾನಳನ್ನು ಪಕ್ಕಕ್ಕೆ ಕರೆದರು.

"ಅಮ್ಮಾ, ಸುಳ್ಳು ಭರವಸೆ ಕೊಡಬಾರದು ನಾನು. ಹೊಸ ಮಾತು ಬರುವುದಾದರೆ ಇಷ್ಟರೊಳಗೆ ಸ್ವಲ್ಪವಾದರೂ ಬರಬೇಕಿತ್ತು. ಇನ್ನು ಕಷ್ಟ."

"ಪ್ರಾರ್ಥನೆ ಹೇಳ್ತಾರಲ್ಲ ಮೇಡಂ, ಚಂದ ಮಾಡಿ?"

"ಅದು ಮಾತಲ್ಲಮ್ಮ. ಬಾಯಿಗೆ ರೂಢಿಯಾದದ್ದು. ನೀವು ಶುರುಮಾಡಿದರೆ ಮುಂದಿನದು ತನ್ನಿಂದ ತಾನೇ ಬರ್ತದೆ, ಅಷ್ಟೇ."

ಮನೆಗೆ ಬಂದವಳೇ ಜಪಮಾಲೆಯನ್ನು ರೇಷನ್ ಕಾರ್ಡಿನ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಬಾಯಿಗೆ ರೂಢಿಯಂತೆ! ಹಾಗಾದರೆ ಹತ್ತು ತಿಂಗಳು ತಾನು ಮಾಡಿದ್ದೂ ಅದೇ ತಾನೇ? ಮೇಲೆ ಕೂತವನು ಕೇಳಿಸಿಕೊಂಡಿದ್ದರೆ ಒಂದು ಹೆಸರು ಕೊಡಲು ಅವನ ಗಂಟೇನು ಹೋಗುತ್ತಿತ್ತು? ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವ ಸಿಟ್ಟು ಬಂತು.

ಏಳು ಗಂಟೆಗೆ ಇನಾಸ ಕೋಲೂರಿಕೊಂಡು ಬಂದು, ಗೋಡೆಯಲ್ಲಿನ ಅಲ್ತಾರ್ ಎಂಬ ದೇವರ ಪೀಠದ ಕೆಳಗಿನ ಕುರ್ಚಿಯಲ್ಲಿ ಕೂತ. ಅವಳು ಬರಲಿಲ್ಲ. ಅವನು ಕುರ್ಚಿಯ ಕೈಯ ಮೇಲೆ ಬೆರಳಿನಿಂದ ಕುಟ್ಟಿದ. ಟಕ್ ಟಕ್. ಹೊರಡು.

"ಬಸ್ಸಿಲ್ಲ," ಎಂದಳು ಜುಲಿಯಾನ ಅಡುಗೆಮನೆಯಿಂದಲೇ. "ಇವತ್ತಿನಿಂದ ಹರತಾಳ."

ಕೇರಳದಲ್ಲಿ ಹುಟ್ಟಿ ಬೆಳೆದ ಯಾವ ಕಂಡಕ್ಟರನಿಗೂ ಆ ಪದಕ್ಕೆ ವಿವರಣೆ ಬೇಡ. ಇನಾಸ ಸ್ವಲ್ಪ ಹೊತ್ತು ಕಾದು, ಎದ್ದು ಹೋಗಿ ಮಲಗಿದ.

ಮರುದಿನ ಅವನು ಚಹಾಕ್ಕೂ ಕೂಗಲಿಲ್ಲ. ಆಡು ಬಂದು ಬಸಳೆಯ ಅರ್ಧ ಚಪ್ಪರ ತಿಂದು ಹೋದರೂ ಕೂಗಲಿಲ್ಲ. ಯಾರೂ ಕೇಳದ ಮಾತು ಯಾಕೆಂದು ಅವನೂ ಮುಷ್ಕರ ಹೂಡಿದಂತಿತ್ತು. ಆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಇಷ್ಟು ಜೋರೆಂದು ಜುಲಿಯಾನಳಿಗೆ ಅಂದೇ ಗೊತ್ತಾದದ್ದು. ಏಳು ಗಂಟೆಗೆ ಮತ್ತೆ ಕುರ್ಚಿ, ಮತ್ತೆ ಟಕ್ ಟಕ್. ಅವಳು ಟಿವಿಯ ಸೌಂಡು ಏರಿಸಿದಳು.

ಮೂರನೆಯ ದಿನ ಬೆಳಿಗ್ಗೆ ಗುರ್ಕಾರ್ ಪಾಸ್ಕಲ್ ಬಂದ. ಅಕ್ಟೋಬರ್ ತಿಂಗಳು ಜಪಮಾಲೆಯ ತಿಂಗಳು. ಮಾತೆಯ ಮೂರ್ತಿ ವಾಡೆಯ ಮನೆಮನೆಗೂ ಹೋಗುತ್ತದೆ, ಅದು ಬಂದ ಮನೆಯಲ್ಲಿ ಎಲ್ಲರೂ ಸೇರಿ ತೇರ್ಸ್ ಹೇಳುತ್ತಾರೆ.

"ಬುಧವಾರ ನಿಮ್ಮಲ್ಲಿಗೆ, ಜುಲಿಯಾನ ಬಾಯಿ. ಕಡ್ಲೆ ಪಾಯಸ ಮಾಡ್ತೀರಲ್ಲ?"

"ನಮ್ಮ ಮನೆ ಬಿಟ್ಟು ಮುಂದಿನ ಮನೆಗೆ ಹೋಗ್ಲಿ."

"ಹಾಂ?"

"ನನಗೆ ಬೇಡ. ಅವಳಿಗೂ ನನ್ನ ಮನೆಯಲ್ಲಿ ಎಂತ ಕೆಲಸ ಉಂಟು?"

ಪಾಸ್ಕಲ್ ತಲೆ ಕೆರೆದುಕೊಂಡು, ಜಗಲಿಯಲ್ಲಿ ಕೂತಿದ್ದ ಇನಾಸನ ಮುಖ ನೋಡಿದ. ಇನಾಸ ಅಂಗಳ ನೋಡುತ್ತಿದ್ದ. "ಸಂಜೆಯೊಳಗೆ ಇನ್ನೊಂದು ಮಾತು ಹೇಳಿ ಬಾಯಿ. ನಾಳೆ ಇಗರ್ಜಿಯಲ್ಲಿ ಮನೆಗಳ ಚೀಟಿ ಓದ್ಬೇಕು ನಾನು," ಎಂದು ಹೋದ.

ಅವನು ಗೇಟು ದಾಟುವುದನ್ನೇ ಕಾಯುತ್ತಿದ್ದವಳ ಹಾಗೆ ಶರೀಫಾ ಬೇಲಿಗೆ ಬಂದು ನಿಂತಳು.

"ಎಂತ ಬಾಯಮ್ಮ, ಎರಡು ದಿನದಿಂದ ಪೊರ್ಬುಗಳ ಸ್ವರವೇ ಇಲ್ಲ? ನನ್ನ ಆಡಿಗೆ ಹೇಳುವವರೂ ಕೇಳುವವರೂ ಇಲ್ಲದ ಹಾಗಾಯ್ತು."

ಜುಲಿಯಾನ ಎಲ್ಲವನ್ನೂ ಹೇಳಿದಳು. ಮೇಡಂ ಅಂದದ್ದು, ಡಬ್ಬಕ್ಕೆ ಹಾಕಿದ್ದು, ಮೂರ್ತಿ ಬೇಡವೆಂದದ್ದು. "ನಾನು ಕೇಳಿದ್ದು ಅಷ್ಟು ಸಣ್ಣದು, ಶರೀಫಾ."

ಶರೀಫಾ ಬೇಲಿಗೆ ಇನ್ನಷ್ಟು ಹತ್ತಿರ ಬಂದಳು. ಅವಳ ಗಂಡ ದುಬೈಯಲ್ಲಿ ತೀರಿಕೊಂಡು ಏಳು ವರ್ಷವಾಗಿತ್ತು. ಮುಖ ನೋಡಲೂ ಸಿಕ್ಕಿರಲಿಲ್ಲ.

"ನಾನು ಜಗಳ ಮಾಡಿದ್ದೇನೆ, ಬಾಯಮ್ಮ. ನಮಾಜಿನ ಚಾಪೆಯಲ್ಲಿ ಕೂತೇ ಮಾಡಿದ್ದೇನೆ. ನೀವೂ ಬೇಕಾದಷ್ಟು ಬೈಯಿರಿ. ಆದರೆ ಮಾತು ಬಿಡ್ಬೇಡಿ. ಮಾತು ಬಿಟ್ಟರೆ ಮತ್ತೆ ಶುರುಮಾಡ್ಲಿಕ್ಕೆ ಭಾರೀ ನಾಚಿಕೆ ಆಗ್ತದೆ." ಆಮೇಲೆ ಮೂಗು ಒರೆಸಿಕೊಂಡು, "ಮತ್ತೆ ಆ ಬಸಳೆಯ ವಿಷಯ ನನ್ನ ಹತ್ತಿರ ಕೇಳ್ಬೇಡಿ," ಎಂದು ಒಳಗೆ ಹೋದಳು.

ಸಂಜೆ ಜುಲಿಯಾನ ಅಡುಗೆಮನೆಯ ನೆಲದಲ್ಲಿ ಕೂತು ಬಂಗುಡೆ ಶುಚಿ ಮಾಡುತ್ತಿದ್ದಳು. ಮಸೀದಿಯ ಬಾಂಗ್ ಮುಗಿದು ಬಹಳ ಹೊತ್ತಾಗಿತ್ತು. ಗಡಿಯಾರ ಏಳು ಹೊಡೆಯಿತು. ಕೋಲಿನ ಸದ್ದು, ಕುರ್ಚಿಯ ಕಿರುಗುಟ್ಟು.

ಟಕ್ ಟಕ್.

"ಹರತಾಳ ಮುಗಿಯಲಿಲ್ಲ," ಎಂದಳು. ಆದರೆ ದನಿಯಲ್ಲಿ ಮೊನ್ನೆಯ ಬಿಸಿ ಇರಲಿಲ್ಲ. ಶರೀಫಾ ಹೇಳಿದ್ದು ನಿಜ, ಶುರುಮಾಡಲು ನಾಚಿಕೆ.

ಟಕ್ ಟಕ್.

ಅವಳು ಬಂಗುಡೆಯ ಕಿವಿರು ಕಿತ್ತಳು. ಆಚೆಯಿಂದ ಮತ್ತೆ ಸದ್ದು ಬರಲಿಲ್ಲ. ಎದ್ದು ಹೋದನೇನೋ ಎಂದುಕೊಂಡಳು. ಆಗ "ನ," ಎಂದು ಕೇಳಿತು. ಕೆಮ್ಮಿರಬೇಕು ಎಂದು ಇನ್ನೊಂದು ಬಂಗುಡೆ ಎತ್ತಿಕೊಂಡಳು.

"ನ... ನ... ಮಾ..."

ಕತ್ತಿ ಕೈಯಿಂದ ಜಾರಿತು. ಮೀನಿನ ಕೈಯಲ್ಲೇ ಅವಳು ಬಾಗಿಲಿಗೆ ಓಡಿದಳು. ಇನಾಸ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದ. ಮುಖ ಕೆಂಪಾಗಿ ಹಣೆಯಿಂದ ಬೆವರಿಳಿಯುತ್ತಿತ್ತು. ಸೊಟ್ಟ ತುಟಿಗಳು ಒಂದನ್ನೊಂದು ಹುಡುಕುತ್ತಿದ್ದವು. ಡ್ರೈವರ್ ಇಲ್ಲದ ಬಸ್ಸನ್ನು ಒಬ್ಬನೇ ಹಿಂದಿನಿಂದ ತಳ್ಳುವವನ ಹಾಗೆ ಕಾಣುತ್ತಿದ್ದ.

"ನ... ಮಾ... ನ್," ಎಂದ. ಅಲ್ಲಿಂದಾಚೆಗಿನ ಪದ ಅವನ ಬಳಿ ಮೊದಲೇ ಇತ್ತು. "ಮರಿಯೆ!"

ಅಷ್ಟೇ. ಮುಂದೆ ಬರಲಿಲ್ಲ. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ.

ಅದು ಅವನ ಪಾಲಲ್ಲ. ಈ ಮನೆಯಲ್ಲಿ ಅದನ್ನು ಅವನು ಹೇಳಿದ್ದೇ ಇಲ್ಲ. ಮೂವತ್ತನಾಲ್ಕು ವರ್ಷ ಅವಳ ಬಾಯಿಂದ ಕೇಳಿದ್ದು ಮಾತ್ರ. ಯಾರೂ ಶುರುಮಾಡಿಕೊಟ್ಟಿರಲಿಲ್ಲ. ಹರತಾಳದ ದಿನ ಅವಳು ಬಿಟ್ಟುಹೋದ ಪಾಲನ್ನು ಅವನು ಮೂರು ದಿನ ಕೂತು, ಎಲ್ಲಿಂದಲೋ ಹುಡುಕಿ ಎಳೆದು ತಂದಿದ್ದ. ಈಗ ಉತ್ತರ ಹೇಳಬೇಕಾದವಳು ಅವಳು.

ಅವಳು ಅಲ್ಲೇ ಬಾಗಿಲಲ್ಲಿ ಮೊಣಕಾಲೂರಿದಳು. ಬಾಯಿ ತೆರೆದಳು. ಈ ಮನೆಯಲ್ಲಿ ಎಂದೂ ಹೇಳದ ಆ ಅರ್ಧ ನಾಲಿಗೆಗೆ ತೊಡರಿ, ದನಿ ಬೇಕಾದ್ದಕ್ಕಿಂತ ಜೋರಾಗಿ, ಕೊನೆಗೆ ಉದ್ದವಾಗಿ ಮೇಲಕ್ಕೇರಿ ಬಂತು.

"ಸಾಂತ್ ಮರಿಯೇ..."

"ಯಾ ಅಲ್ಲಾಹ್!" ಬೇಲಿಯಾಚೆಯಿಂದ ಶರೀಫಾ. "ಈಗ ಬಾಯಮ್ಮನಿಗೂ ಚಾ ಬೇಕಾ?"

ಇನಾಸನ ಹೊಟ್ಟೆ ಕುಲುಕಿತು. ಜುಲಿಯಾನ ನಕ್ಕಳು, ನಗುತ್ತಾ ಅತ್ತಳು, ಮೀನಿನ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿಗೆ ಮತ್ತೆ ಅತ್ತಳು.

"ಶರೀಫಾ!" ಎಂದು ಕೂಗಿದಳು. "ಪಾಸ್ಕಲ್ ನಿನ್ನ ಗೇಟಿನ ಎದುರು ಹೋದರೆ ಹೇಳು, ಬುಧವಾರ ಇಲ್ಲಿಗೇ ಬರಬೇಕಂತ!"

"ಪಾಯಸ ಉಂಟಾ?"

"ಉಂಟು ಮಾರಾಯ್ತಿ, ಉಂಟು!"

ಆಮೇಲೆ ಅಲ್ತಾರಿನ ಕಡೆ ತಿರುಗಿದಳು. ಪ್ರಾರ್ಥನೆಯನ್ನು ಎಲ್ಲಿ ನಿಲ್ಲಿಸಿದ್ದೆಂದು ಮರೆತುಹೋಗಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೂತಳು.

ಕುರ್ಚಿಯ ಕೈಯ ಮೇಲೆ ಇನಾಸನ ಬೆರಳು ಮೆಲ್ಲಗೆ ಎರಡು ಸಲ ಕುಟ್ಟಿತು.