ಮೊದಲು ಪಟ್ಟಿ, ಆಮೇಲೆ ಕಪ್

ಗುರುವಾರ ಮಧ್ಯಾಹ್ನ ಡೊಂಬಿವ್ಲಿಯ ಟ್ರೋಫಿ ಅಂಗಡಿಯ ಮುರಾರಿ ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದ. ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಬರೆದ ನಾಲ್ಕು ಸಾಲು ಕನ್ನಡ. ಅದರ ಕೆಳಗೆ, ಅರ್ಜೆಂಟ್, ನಾಲ್ಕು ಗಂಟೆಯೊಳಗೆ ಬೇಕು ಅಂತ ಸಂದೇಶ.

ಇದು ಹೊಸದೇನಲ್ಲ. ನಾನು ಮುಂಬಯಿಯ ಆಚೆ ಕಲ್ಯಾಣ ಸ್ಟೇಷನ್ ಹತ್ತಿರ ಅಂಥದ್ದೇ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಠಾಣೆಯಿಂದ ಕಲ್ಯಾಣದವರೆಗೆ ಇಂಥ ಅಂಗಡಿಗಳಿಗೆ ಬರಗಾಲವಿಲ್ಲ. ಆದರೆ ಹಿತ್ತಾಳೆ ತಗಡಿನ ಮೇಲೆ ತಪ್ಪಿಲ್ಲದೆ ಕನ್ನಡ ಕೂರಿಸಲು ಬರುವವನು ನನಗೆ ತಿಳಿದ ಮಟ್ಟಿಗೆ ನಾನೊಬ್ಬನೇ. ಏಳನೇ ತರಗತಿಗೆ ಶಾಲೆ ಬಿಟ್ಟೆ, ಆದರೆ ಆ ಏಳೂ ವರ್ಷ ಕನ್ನಡ ಶಾಲೆ. ಹಾಗಾಗಿ ಕನ್ನಡ ಸಂಘದವರು ಯಾವ ಅಂಗಡಿಗೆ ಆರ್ಡರ್ ಕೊಟ್ಟರೂ ಅಕ್ಷರ ಮಾತ್ರ ಸುತ್ತಿ ಬಳಸಿ ನನ್ನ ಕಂಪ್ಯೂಟರಿಗೇ ಬರುತ್ತದೆ.

ಫೋಟೊ ದೊಡ್ಡದು ಮಾಡಿ ಓದಿದೆ.

'ಪಡುವಣ ಗೆಳೆಯರ ಫುಟ್‌ಬಾಲ್ ಕ್ಲಬ್, ಸಾನಪಾಡಾ. ವರ್ಷದ ಆಟಗಾರ. ಶ್ರೀ ವಿಜಯಕುಮಾರ. ಎಂಟು ವರ್ಷಗಳ ಅಮೂಲ್ಯ ಸೇವೆಗಾಗಿ, ೨೦೧೭–೨೦೨೫.'

ವಿಜಯಕುಮಾರ ನಾನೇ, ಆ ಕ್ಲಬ್ಬೂ ನಾನು ಆಡುವ ಕ್ಲಬ್ಬೇ. ಒಂದು ನಿಮಿಷ ಒಬ್ಬನೇ ಕೂತು ನಕ್ಕೆ. ಆಮೇಲೆ ನಗು ನಿಂತಿತು. ವರ್ಷದ ಆಟಗಾರನನ್ನು ಆರಿಸುವುದು ಆಟಗಾರರು, ಚೀಟಿ ಹಾಕಿ, ಭಾನುವಾರ. ಇವತ್ತು ಗುರುವಾರ. ಇಲ್ಲದ ಓಟನ್ನು ಎಣಿಸಿದವರು ಯಾರು? ಪ್ರತಿ ವರ್ಷ ನಮ್ಮ ಅಂಗಡಿಗೇ ಬರುತ್ತಿದ್ದ ಕಪ್ ಈ ಸಲ ಡೊಂಬಿವ್ಲಿಗೆ ಯಾಕೆ ಹೋಯಿತು?

ಎಲ್ಲಕ್ಕಿಂತ ಕೊನೆಯ ಸಾಲು. ಈ ಕಸುಬಿನಲ್ಲಿ ಆರು ವರ್ಷ ಕಳೆದಿದ್ದೇನೆ. ಆಡುತ್ತಿರುವವನ ಕಪ್ಪಿನ ಮೇಲೆ ಒಂದೇ ಸೀಸನ್ ಹಾಕಿಸುತ್ತಾರೆ. ಸೇರಿದ ವರ್ಷ, ಒಂದು ಗೆರೆ, ಇನ್ನೊಂದು ವರ್ಷ, ಜೊತೆಗೆ ಸೇವೆ ಎಂಬ ಮಾತು ಬಂತೋ, ಆ ಮನುಷ್ಯನ ಕತೆ ಮುಗಿಯಿತು ಅಂತ ಅರ್ಥ. ಬ್ಯಾಂಕ್ ಮ್ಯಾನೇಜರು, ಕನ್ನಡ ಶಾಲೆಯ ಟೀಚರು, ಕಳವಾದಲ್ಲಿರುವ ರೈಲ್ವೆ ಕಾರ್ ಶೆಡ್ಡಿನ ಫಿಟ್ಟರು, ಎಲ್ಲರಿಗೂ ನಾನೇ ಆ ಗೆರೆ ಎಳೆದು ಮನೆಗೆ ಕಳಿಸಿದ್ದೇನೆ. ಅವರೆಲ್ಲ ಅರವತ್ತು ದಾಟುವ ಹೊತ್ತಿನವರು. ನನಗೆ ಇಪ್ಪತ್ತನಾಲ್ಕು.

ಎಂಟು ವರ್ಷ ಮಣ್ಣಿನ ಗ್ರೌಂಡಿನಲ್ಲಿ ಬಿದ್ದೆದ್ದ ಮೇಲೆ ನಮ್ಮ ಕ್ಲಬ್ಬಿಗೆ ಈ ವರ್ಷ ಜಿಲ್ಲಾ ಲೀಗಿನಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ದೊಡ್ಡ ಕ್ಲಬ್ಬಿನವರು ನೋಡಲು ಬರುತ್ತಾರೆ, ನೋಡಿ ಕರೆದುಕೊಂಡು ಹೋಗುತ್ತಾರೆ. ಕ್ಲಬ್ಬಿನಲ್ಲಿ ಆಟಗಾರರು ಇಪ್ಪತ್ತೊಂದು, ಲೀಗಿನ ಪಟ್ಟಿಯಲ್ಲಿ ಜಾಗ ಇಪ್ಪತ್ತು. ಪಟ್ಟಿ ಬರೆಯುವವರು ಕಾರ್ಯದರ್ಶಿ ಜಗನ್ನಾಥ್ ಸರ್. ನಾನು ಎಡಗಡೆಯ ಡಿಫೆಂಡರ್. ಸರ್ ಮಗ ಸುಮುಖ, ಹತ್ತೊಂಬತ್ತರವನು, ಅವನೂ ಎಡಗಡೆಯ ಡಿಫೆಂಡರ್.

ಮುರಾರಿಗೆ ಫೋನ್ ಮಾಡಿದೆ.

"ಆರ್ಡರ್ ಕೊಟ್ಟಾಂವ ಯಾರು?"

"ಕನ್ನಡಕದವರು ಒಬ್ರು ಮಾರಾಯ, ಮೈಸೂರು ಕಡೆ ಮಾತು. ಕಲ್ಯಾಣದ ಅಂಗಡಿಗೆ ಗೊತ್ತಾಗ್ಬಾರ್ದು ಅಂತ ಎರಡು ಸಲ ಹೇಳಿ ಹೋದ್ರು."

"ಮತ್ತ ಕಲ್ಯಾಣಕ್ಕ ಯಾಕ ಕಳಿಸಿದಿ?"

"ನಂಗೆ ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಎಲ್ಲಿ ಬರ್ತದೆ? ನಿಂಗಲ್ಲದೆ ಇನ್ಯಾರಿಗೆ ಕಳಿಸ್ಲಿ? ಯಾಕೆ, ಏನಾದ್ರೂ ಬೈದು ಬರ್ದಿದ್ದಾರಾ?"

"ಹೊಗಳಿ ಬರದಾರ."

"ಮತ್ತೆ ನಿಂಗೇನು ಸಂಕಟ?"

ನನ್ನ ಹೆಸರನ್ನು ನಾನೇ ಜೋಡಿಸಿ, ಎರಡು ವರ್ಷಗಳ ನಡುವೆ ನಾನೇ ಗೆರೆ ಎಳೆದು, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದೆ.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಕಳವಾದಲ್ಲಿರುವ ನಮ್ಮ ಒಂದೇ ಖೋಲಿಯ ಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಪ್ ಕೊಡ್ತಾರಂದ್ರ ಸುಮ್ನ ಇಸ್ಕೊಂಡ್ ಬಾ. ಅನ್ನದಾಗ ಕಲ್ಲ ಹುಡುಕಿದಂಗ ಹುಡುಕಬ್ಯಾಡ."

"ಕಲ್ಲ ಇದ್ರ ಹುಡುಕೂದೇನೈತಿ ಯವ್ವಾ, ಹಲ್ಲಿಗೇ ಸಿಗತೈತಿ."

"ಸಿಕ್ಕಾಗ ಉಗುಳು. ಈಗ ಉಣ್ಣು."

ಶನಿವಾರ ಬೆಳಿಗ್ಗೆ ಪ್ರಾಕ್ಟೀಸಿಗೆ ಹೋದಾಗ ಎಲ್ಲರ ಮುಖವನ್ನೂ ಓದುತ್ತ ಬಂದೆ. ಕ್ಯಾಪ್ಟನ್ ಜಯಂತ್ ನನ್ನ ಹೆಗಲ ಮೇಲೆ ಕೈ ಹಾಕಿ, "ನಾಳೆ ಇಸ್ತ್ರಿ ಮಾಡಿರೋ ಶರ್ಟ್ ಹಾಕ್ಕೊಂಡು ಬಾ ಕಣೋ" ಎಂದ. ಇವನಿಗೂ ಗೊತ್ತು ಎಂದುಕೊಂಡೆ. ಜಗನ್ನಾಥ್ ಸರ್ ಬಂದವರೇ, "ಮೊಣಕಾಲು ಹೇಗಿದೆ ವಿಜಯ್?" ಎಂದು ಕೇಳಿದರು. ಎಂಟು ವರ್ಷದಲ್ಲಿ ನನ್ನ ಮೊಣಕಾಲನ್ನು ವಿಚಾರಿಸಿದ್ದು ಅದೇ ಮೊದಲು. ಅದಕ್ಕೆ ಏನೂ ಆಗಿರಲಿಲ್ಲ.

ಸುಮುಖ ಒಬ್ಬನೇ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಪಕ್ಕದಲ್ಲಿ ಹೋಗಿ ಕೂತೆ.

"ಪಟ್ಟಿ ಆತೇನು?"

"ಮುಝೆ ನಹೀ ಪತಾ ಭೈಯಾ, ನಂಗೊತ್ತಿಲ್ಲ. ಪಪ್ಪಾ ಮೊಬೈಲ್ ಲಾಕ್ ಮಾಡಿ ಇಡ್ತಾರೆ."

ಪಟ್ಟಿ ಮೊಬೈಲಿನಲ್ಲಿದೆ ಅಂತ ನಾನು ಹೇಳಿರಲಿಲ್ಲ. ಅವನು ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

ಭಾನುವಾರ ಸಾನಪಾಡಾದ ಸೊಸೈಟಿ ಹಾಲಿನಲ್ಲಿ ಹನ್ನೊಂದಕ್ಕೆ ಕಾರ್ಯಕ್ರಮ. ಅಪ್ಪ ಅಮ್ಮಂದಿರು ಮುಂದಿನ ಸಾಲಿನಲ್ಲಿ, ನಾವು ಹಿಂದೆ. ಅವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಆಟಗಾರರಲ್ಲಿ ಬೂಬ ಒಬ್ಬ ಬಂದಿರಲಿಲ್ಲ. ಅವನಿಗೆ ರಬಾಳೆಯ ಫ್ಯಾಕ್ಟರಿಯಲ್ಲಿ ಭಾನುವಾರವೂ ಡ್ಯೂಟಿ. ಉಳಿದ ಇಪ್ಪತ್ತು ಜನ ಚೀಟಿ ಹಾಕಿದೆವು. ಜಗನ್ನಾಥ್ ಸರ್ ಡಬ್ಬಿ ಹಿಡಿದು ಒಳಗೆ ಹೋಗಿ ಐದು ನಿಮಿಷಕ್ಕೆ ಹೊರಗೆ ಬಂದರು.

"ಹದಿನಾಲ್ಕು ಓಟು. ನಮ್ಮ ವಿಜಯ್."

ಚಪ್ಪಾಳೆ ಜೋರಾಗಿಯೇ ಬಿತ್ತು. ಮುಖ್ಯ ಅತಿಥಿ ಜಲಜಾಕ್ಷಿ ಮೇಡಂ, ನಿವೃತ್ತ ಹೆಡ್‌ಮಿಸ್ಟ್ರೆಸ್, ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನಾನು ವೇದಿಕೆ ಹತ್ತಿದೆ, ಕೈ ಮಾತ್ರ ಚಾಚಲಿಲ್ಲ.

"ಸರ್, ಪಟ್ಟಿ ಓದ್ರಿ."

"ಯಾವ ಪಟ್ಟಿ?"

"ಲೀಗಿಂದು. ಇಪ್ಪತ್ತು ಹೆಸರು."

"ಅದು ಊಟ ಆದ್ಮೇಲೆ ಕಣೋ. ಮೊದ್ಲು ಕಪ್ ತಗೋ, ಮೇಡಂ ಹಿಡ್ಕೊಂಡು ನಿಂತಿದ್ದಾರೆ."

"ಮೊದಲ ಪಟ್ಟಿ, ಆಮ್ಯಾಲೆ ಕಪ್."

ಹಿಂದಿನಿಂದ ಯಾರೋ, "ವಿಜ್ಯಾ, ಪುಲಾವ್ ಆರ್ತದೆ ಮಾರಾಯ" ಎಂದ. ಇಡೀ ಹಾಲ್ ನಕ್ಕಿತು. ನಾನು ನಿಂತೇ ಇದ್ದೆ. ನಗು ಒಂದೊಂದೇ ಕಡೆ ನಿಂತಿತು.

"ಓದಿಬಿಡಿ ಜಗನ್ನಾಥರೇ" ಎಂದರು ಜಲಜಾಕ್ಷಿ ಮೇಡಂ. "ನನಗೆ ಕೈ ನೋಯ್ತಾ ಉಂಟು."

ಸರ್ ಮೊಬೈಲ್ ತೆಗೆದು ಓದಿದರು. ಜಯಂತ್ ಇದ್ದ. ಬೂಬ ಇದ್ದ. ಸುಮುಖ ಇದ್ದ. ಇಪ್ಪತ್ತು ಮುಗಿಯಿತು.

"ನಿನ್ನ ಮೊಣಕಾಲು ನೋಡ್ಕೊಂಡೇ..."

"ನನ್ನ ಮೊಣಕಾಲಿಗೆ ಏನಾಗೇತ್ರಿ? ಈ ವರ್ಷ ಒಂದ ಮ್ಯಾಚ್ ಬಿಟ್ಟೀನೇನು?"

"ಕೇಳಪ್ಪಾ. ಚಿಕ್ಕ ಮಕ್ಕಳ ಟೀಮಿಗೆ ನಿನ್ನ ಕೋಚ್ ಮಾಡೋಣ ಅಂತ ಕಮಿಟಿ ತೀರ್ಮಾನ. ಗೌರವವಾಗಿ ಕಳಿಸ್ಕೊಡೋಣ ಅಂತಾನೇ ಈ ಕಪ್."

"ವರ್ಷದ ಆಟಗಾರ ಇಪ್ಪತ್ತರಾಗೂ ಇಲ್ಲಂದ್ರ, ಅಂವ ಏನ್ ಆಡ್ಯಾನಂತ ಕಪ್ ಕೊಡ್ತೀರಿ? ಇವತ್ತಿನ ಓಟಿಗೆ ಗುರುವಾರನ ತಗಡ ಕೊರಸೀರಿ."

"ಅದು ನಿನಗೆ ಹೇಗೆ..."

"ಡೊಂಬಿವ್ಲಿಗೆ ಹೋದ್ರೂ ಅಕ್ಷರ ಕೂರಿಸಾಂವ ನಾನೇ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನೇ ಗೆಲ್ತೀಯ ಅಂತ ಎಲ್ರಿಗೂ ಗೊತ್ತಿತ್ತು, ಅದಕ್ಕೆ ಮುಂಚೆನೇ ಮಾಡಿಸ್ದೆ" ಎಂದರು. ಕೆಳಗಿನಿಂದ ಜಯಂತ್, "ಓಟು ನಾವೇ ಹಾಕಿದ್ದು ಕಣೋ, ನಿಜವಾಗ್ಲೂ" ಎಂದ. ಒಬ್ಬೊಬ್ಬರ ಮುಖ ನೋಡಿದೆ. ಹದಿನಾಲ್ಕು ಜನ ಯಾರು ಎಂದು ಹುಡುಕಿದೆ. ನಾನು ಯಾರನ್ನೂ ನಂಬಲಿಲ್ಲ.

ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಯಾರೋ ಹೆಂಗಸು, "ಮಗನಿಗೋಸ್ಕರ" ಎಂದದ್ದು ವೇದಿಕೆವರೆಗೂ ಕೇಳಿತು. ಜಯಂತ್ ಎದ್ದು ನಿಂತ. "ಸರ್, ಇವನನ್ನ ಬಿಟ್ಟು ನಾವು ಲೀಗ್ ಆಡೋದು ಚೆನ್ನಾಗಿರಲ್ಲ. ಸಂಜೆ ಐದರವರೆಗೂ ಲೀಗಿನ ವೆಬ್‌ಸೈಟಲ್ಲಿ ಪಟ್ಟಿ ಬದಲಾಯಿಸ್ಬಹುದು."

ಜಗನ್ನಾಥ್ ಸರ್ ಮಗನ ಕಡೆ ನೋಡಿದರು. ಸುಮುಖ ತಲೆ ತಗ್ಗಿಸಿ ಕೂತಿದ್ದ. ನಾನೂ ಅವನನ್ನೇ ನೋಡುತ್ತಿದ್ದೆ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸರ್ ಹೆಬ್ಬೆರಳು ಮೊಬೈಲಿನ ಮೇಲೆ ಮೇಲಿಂದ ಕೆಳಗೆ ಓಡಿತು. ಒಂದು ಕಡೆ ನಿಂತಿತು.

"ಬೂಬ ಹೇಗಿದ್ರೂ ಭಾನುವಾರ ಡ್ಯೂಟಿ ಡ್ಯೂಟಿ ಅಂತಾನೆ. ಇವತ್ತೂ ಬಂದಿಲ್ಲ ನೋಡಿ."

ಲೀಗಿನ ಮ್ಯಾಚುಗಳೆಲ್ಲ ಶನಿವಾರ ಎಂಬುದು ಅಲ್ಲಿದ್ದ ಎಲ್ಲ ಆಟಗಾರರಿಗೂ ಗೊತ್ತಿತ್ತು. ಈ ವರ್ಷ ಅತಿ ಹೆಚ್ಚು ಗೋಲು ಹೊಡೆದವನು ಬೂಬ ಎಂಬುದೂ ಗೊತ್ತಿತ್ತು. ನನ್ನ ಪರವಾಗಿ ಎದ್ದಿದ್ದ ಜಯಂತ್ ಮೆಲ್ಲಗೆ ಕೂತುಕೊಂಡ.

ನನ್ನ ಜೇಬಿನಲ್ಲಿ ಮೊಬೈಲ್ ನಡುಗಿತು.

"ಲೀಗಿನವರ ಓಟಿಪಿ ಬಂದಿರುತ್ತೆ, ಹೇಳು" ಎಂದರು ಸರ್. "ಅದನ್ನ ಹಾಕಿದ್ರೆ ಬೂಬನ ಜಾಗದಲ್ಲಿ ನಿನ್ನ ಹೆಸರು ಪಕ್ಕಾ. ಎರಡೇ ನಿಮಿಷ ಟೈಮು."

ಮೊದಲು ಬೂಬನಿಗೆ ಒಂದು ಫೋನ್ ಮಾಡಿ ಎಂಬ ಮಾತು ನಾಲಿಗೆಯ ತುದಿವರೆಗೆ ಬಂತು. ಫೋನ್ ಮಾಡಿದರೆ ಅವನು ಬೇಡ ಎನ್ನುತ್ತಾನೆ, ಅವನ ಜಾಗದಲ್ಲಿ ಯಾರಿದ್ದರೂ ಬೇಡ ಎನ್ನುತ್ತಾರೆ. ಆಮೇಲೆ ಇಪ್ಪತ್ತೊಂದನೆಯವನು ಮತ್ತೆ ನಾನೇ. ಅವ್ವ ಮೊದಲ ಸಾಲಿನಿಂದ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತು ಎಂದು ನಾನು ಓದಲಿಲ್ಲ.

ಆರು ಅಂಕಿ. ಒಂದೊಂದಾಗಿ, ಗಟ್ಟಿಯಾಗಿ ಹೇಳಿದೆ. ಸರ್ ಒತ್ತಿದರು, ತಲೆಯಾಡಿಸಿದರು. ಜಲಜಾಕ್ಷಿ ಮೇಡಂ ಕಪ್ಪನ್ನು ನನ್ನ ಕೈಗಿಟ್ಟು, "ಇನ್ನಾದ್ರೂ ಹಿಡ್ಕೊಳ್ಳಿ" ಎಂದರು. ಚಪ್ಪಾಳೆ ಬಿತ್ತು. ಈ ಸಲ ಬೇಗ ಮುಗಿಯಿತು.

ಊಟದ ಸಾಲಿನಲ್ಲಿ ಸುಮುಖ ನನ್ನ ಹಿಂದೆ ಬಂದು ನಿಂತ. ಕೈಯಲ್ಲಿ ಖಾಲಿ ಪ್ಲೇಟು.

"ಭೈಯಾ, ಬೂಬಾ ಕೋ ಕೌನ್ ಬತಾಯೇಗಾ? ಅವನಿಗೆ ಯಾರು ಹೇಳ್ತಾರೆ?"

"ನಿಮ್ಮಪ್ಪನ್ನ ಕೇಳು" ಎಂದೆ.

ಅವನು ಹೋಗಲಿಲ್ಲ. ನನ್ನನ್ನೇ ನೋಡುತ್ತ ನಿಂತ.