ಕೋಟಿನ ಗುಂಡಿಗಳು

ಮುದುಕಿ ಪೇತಿಮಾತ್ ಅಂಗಿಯನ್ನು ಮೇಜಿನ ಮೇಲೆ ಹರಡಿ ಮೇಲಿಂದ ಕೆಳಕ್ಕೆ ಒಂದೊಂದೇ ಗುಂಡಿ ಮುಟ್ಟುತ್ತ ಹೋದಳು. ಕೊನೆಯದನ್ನು ಮುಟ್ಟಿ ಮತ್ತೆ ಮೇಲಿಂದ ಶುರುಮಾಡಿದಳು. ಟೈಲರ್ ಕ್ಯಾಮಿಲಸ್ ಹೊಗಳಿಕೆಗೆ ಕಾದು ನಿಂತಿದ್ದ.

ಕೊಲ್ಲಿ ದೇಶದ ಸತ್ವಾ ಪೇಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದ ಅವನಿಗೊಂದು ಚಟ. ರಿಪೇರಿಗೆ ಬಂದ ಬಟ್ಟೆಗೆ ಕೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿಕೊಡಬೇಕು, ಅದೂ ಪುಕ್ಕಟೆ. ಮೊನ್ನೆ ಈ ಮುದುಕಿಯ ಮಗಳು ಲೈಲಾ ಬಂದು, ಊರಿಗೆ ಹೋಗಲಿಕ್ಕಿದೆ, ಗುಂಡಿಗಳು ಸಡಿಲವಾಗಿವೆ, ಬಿಗಿಮಾಡಿ ಎಂದು ಕೊಟ್ಟುಹೋಗಿದ್ದಳು. ನೋಡಿದರೆ ಒಂದೂ ನೆಟ್ಟಗಿರಲಿಲ್ಲ. ಎಲ್ಲ ಅಂಚು ಒಡೆದ ಕಂದು ಗುಂಡಿಗಳು. ಊರಿನವರು ನೋಡಿ ಏನೆಂದುಕೊಂಡಾರು? ಎಲ್ಲವನ್ನೂ ಕತ್ತರಿಸಿ ಹೊಳೆಯುವ ಹೊಸ ಗುಂಡಿ ಹಾಕಿದ್ದ.

ತಾಯಿಯ ಜೊತೆ ಬಂದಿದ್ದ ಲೈಲಾ ಇಂಗ್ಲಿಷಿನಲ್ಲಿ, ದನಿ ಏರಿಸದೆ ಹೇಳಿದಳು. ಅವರು ಚೆಚೆನ್ಯದವರು. ತಾಯಿ ಇಬ್ಬರು ಗಂಡುಮಕ್ಕಳಿಗೆ ಒಂದೇ ಬಗೆಯ ಅಂಗಿ ಹೊಲಿದು, ಗಂಡನ ಹಳೇ ಕೋಟಿನ ಗುಂಡಿಗಳನ್ನು ಎರಡಕ್ಕೂ ಹಂಚಿದ್ದಳು. ಯುದ್ಧದಲ್ಲಿ ರಷ್ಯದ ಸೈನಿಕರು ಹಿರಿಯವನನ್ನು ಮನೆಯಿಂದ ಎಳೆದೊಯ್ದಾಗ ಅವನ ಮೈಮೇಲೆ ಆ ಅಂಗಿಯಿತ್ತು. ಹದಿಮೂರು ವರ್ಷ ಸುದ್ದಿಯಿಲ್ಲ. ಈಗ ಊರಾಚೆ ಹೆಣಗಳನ್ನು ಹೂತಿದ್ದ ಒಂದು ಹೊಂಡ ಅಗೆದಿದ್ದಾರೆ. ಬಟ್ಟೆಯೆಲ್ಲ ಮಣ್ಣಾಗಿದೆ, ಗುಂಡಿಗಳು ಉಳಿದಿವೆ. ಕಿರಿಯವನ ಈ ಅಂಗಿಯನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ತಾಯಿ ಶುಕ್ರವಾರ ಹೊರಡುತ್ತಾಳೆ.

ಕ್ಯಾಮಿಲಸ್ ಪಕ್ಕದ ಮಿಷನ್ನಿನ ಇಸ್ಮಾಯಿಲನತ್ತ ತಿರುಗಿದ.

"ಮೊನ್ನೆಯ ಕಸ ಎಲ್ಲಿ ಹಾಕಿದ್ದು ಮಾರಾಯ?"

"ಅದು ಮೊನ್ನೆಯೇ ಖಲಾಸ್. ಮುನಿಸಿಪಾಲಿಟಿ ಗಾಡಿ ಬಂದು ಕೊಂಡುಹೋಯ್ತಲ್ಲ. ಎಂತಕ್ಕೆ?"

ಆದರೂ ಕ್ಯಾಮಿಲಸ್ ಮಿಷನ್ನುಗಳ ಅಡಿಯಲ್ಲಿ ತೆವಳಿ ಹುಡುಕಿದ. ನೂಲಿನ ತುಂಡು, ಸೂಜಿ, ಯಾರದೋ ಷರಟಿನ ಒಂದು ಬಿಳಿ ಗುಂಡಿ ಸಿಕ್ಕಿತು. ಅವನಿಗೆ ತನ್ನ ಕೈಗಳ ಮೇಲೇ ಹೇಸಿಗೆಯಾಯಿತು.

"ಒಳ್ಳೇದಾಗ್ಲಿ ಅಂತಲೇ ಮಾಡಿದ್ದು ಅಮ್ಮಾ," ಎಂದ, ಅವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು.

ಪೇತಿಮಾತ್ ಬೈಯಲಿಲ್ಲ. ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಒಂದು ವೃತ್ತ ಬರೆದಳು. ಒಳಗೆ ಎರಡು ಚುಕ್ಕೆಯಿಟ್ಟಳು. ಸ್ವಲ್ಪ ತಡೆದು ಇನ್ನೆರಡು ಇಟ್ಟಳು. ಆಮೇಲೆ ಎಲ್ಲವನ್ನೂ ಅಂಗೈಯಿಂದ ಒರೆಸಿ ಮಗಳಿಗೆ ಏನೋ ಹೇಳಿದಳು.

ಕತ್ತರಿಸಿದವನು ನೀನೇ ತಾನೇ, ಒಂದೊಂದಕ್ಕೆ ಎಷ್ಟು ತೂತಿತ್ತು ಎಂದು ಅಮ್ಮ ಕೇಳುತ್ತಿದ್ದಾಳೆ ಎಂದಳು ಲೈಲಾ.

ಕ್ಯಾಮಿಲಸ್ ಕಣ್ಣು ಮುಚ್ಚಿದ. ಕತ್ತರಿಯ ಸದ್ದು ನೆನಪಾಯಿತು, ಗುಂಡಿ ನೆನಪಾಗಲಿಲ್ಲ. ಎರಡು ಎನ್ನಬಹುದಿತ್ತು, ನಾಲ್ಕು ಎನ್ನಬಹುದಿತ್ತು. ಕಣ್ಣು ತೆರೆದಾಗ ಮುದುಕಿ ಹೊಸದೊಂದು ವೃತ್ತ ಬರೆದು, ಸೀಮೆಸುಣ್ಣ ಹಿಡಿದು, ಅವನ ಬಾಯನ್ನೇ ನೋಡುತ್ತಿದ್ದಳು.